ಚಿತ್ರದ ಕೆಳಗೆ ಒಂದು ಸಾಲು

ಪ್ರಾಗ್ ನಗರದ ಹಳೆಯ ಪೇಟೆಯ ಚೌಕದಲ್ಲಿ ಗಂಟೆಗೊಮ್ಮೆ ಒಂದೇ ನೋಟ ಮರುಕಳಿಸುತ್ತದೆ. ಪುರಭವನದ ಗೋಪುರದ ಗೋಡೆಯಲ್ಲಿ 1410ರಿಂದ ಇರುವ ಖಗೋಳ ಗಡಿಯಾರದ ಮುಂದೆ ಪ್ರವಾಸಿಗಳು ನೆರೆಯುತ್ತಾರೆ. ಗಂಟೆಯಾಗುತ್ತಲೇ ಮೇಲಿನ ಎರಡು ಕಿರುಬಾಗಿಲುಗಳು ತೆರೆದು ಕ್ರಿಸ್ತನ ಹನ್ನೆರಡು ಶಿಷ್ಯರ ಬೊಂಬೆಗಳು ಒಂದರ ಹಿಂದೊಂದು ಹಾದುಹೋಗುತ್ತವೆ. ಕೆಳಗೆ ಕೈಗಳೆಲ್ಲ ಮೊಬೈಲು ಹಿಡಿದು ಮೇಲೇಳುತ್ತವೆ. ಬಾಗಿಲು ಮುಚ್ಚಿದ ಕೂಡಲೇ ಕೈಗಳು ಇಳಿಯುತ್ತವೆ, ಗುಂಪು ಚದುರುತ್ತದೆ. ನೋಡಬೇಕಾದುದನ್ನು ನೋಡಿಯಾಯಿತು, ಹಿಡಿಯಬೇಕಾದುದನ್ನು ಹಿಡಿದಾಯಿತು ಎಂಬ ನೆಮ್ಮದಿ ಎಲ್ಲರ ಮುಖದಲ್ಲಿಯೂ ಇರುತ್ತದೆ.

ಅದೇ ಗೋಪುರದ ಪಕ್ಕದಲ್ಲಿ ಒಂದು ಖಾಲಿ ಜಾಗವಿದೆ. ಪುರಭವನದ ಒಂದು ಇಡೀ ಪಾರ್ಶ್ವ ಅಲ್ಲಿತ್ತು. 1945ರ ಮೇ 8ರಂದು, ಎರಡನೆಯ ಮಹಾಯುದ್ಧ ಯೂರೋಪಿನಲ್ಲಿ ಮುಗಿಯುತ್ತಿದ್ದ ಕೊನೆಯ ಗಳಿಗೆಯಲ್ಲಿ, ನಗರದ ಜನರ ದಂಗೆಯನ್ನು ಜರ್ಮನ್ ಸೇನೆ ಹತ್ತಿಕ್ಕಲು ಹೊರಟಾಗ ಅದು ಹೊತ್ತಿ ಉರಿಯಿತು. ಗಡಿಯಾರವೂ ಹಾನಿಗೊಂಡಿತು, ಇಂದು ಕಾಣುವ ಶಿಷ್ಯರ ಬೊಂಬೆಗಳು ಆ ಬಳಿಕ ಹೊಸದಾಗಿ ಕೆತ್ತಿದವು. ಗಡಿಯಾರವನ್ನು ಮತ್ತೆ ನಡೆಯುವಂತೆ ಮಾಡಿದರು. ಉರಿದುಹೋದ ಪಾರ್ಶ್ವವನ್ನು ಮಾತ್ರ ಮತ್ತೆ ಕಟ್ಟಲಿಲ್ಲ. ಗಡಿಯಾರದ ಚಿತ್ರಗಳಿಗೆ ಲೆಕ್ಕವಿಲ್ಲ. ಪಕ್ಕದ ಬಯಲಿನ ಚಿತ್ರವನ್ನು ಊರಿಗೆ ಕೊಂಡೊಯ್ಯುವವರು ವಿರಳ. ಆದರೆ ಗಡಿಯಾರದ ಕಥೆ ಪೂರ್ಣವಾಗುವುದು ಆ ಬಯಲಿನಲ್ಲಿ.

ಐತಿಹಾಸಿಕ ನಗರಗಳನ್ನು ನೋಡಿ ಬರುವವರ ಚಿತ್ರಸಂಗ್ರಹಗಳ ಮುಖ್ಯ ಕೊರತೆ ಇದೇ ಎನ್ನಬೇಕು. ಕ್ಯಾಮೆರಾ ಇರುವುದನ್ನು ಮಾತ್ರ ಹಿಡಿಯಬಲ್ಲದು. ಹಳೆಯ ನಗರವೆಂಬುದಾದರೋ ಇರುವುದರಿಂದ ಎಷ್ಟು ಆಗಿದೆಯೋ ಇಲ್ಲದಿರುವುದರಿಂದಲೂ ಅಷ್ಟೇ ಆಗಿದೆ. ಈ ಕೊರತೆಯನ್ನು ತುಂಬುವ ಸಾಧನ ಇನ್ನೂ ಉತ್ತಮವಾದ ಕ್ಯಾಮೆರಾ ಅಲ್ಲ, ಮಾತು. ಇದು ಯಾವ ಸ್ಥಳ, ಯಾವ ದಿನ ತೆಗೆದದ್ದು, ಇಲ್ಲಿ ಮೊದಲು ಏನಿತ್ತು, ಈಗ ಏನಿಲ್ಲ ಎಂದು ತಿಳಿಸುವ ಒಂದು ಸಾಲಿನ ಅಡಿಬರಹವಿಲ್ಲದ ಪ್ರವಾಸಚಿತ್ರ ಅರ್ಧ ಚಿತ್ರ. ಭಾಷೆಯನ್ನು ಓದುವ ಮತ್ತು ಓದಿಸುವ ವಿಭಾಗಗಳು ಈ ಮಾತನ್ನು ಗಟ್ಟಿಯಾಗಿ ಹೇಳಬೇಕಾದ ಕಾಲ ಬಂದಿದೆ.

ಪ್ರಾಗ್ ನಗರವನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳುವುದಕ್ಕೆ ಕಾರಣವಿದೆ. 1992ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಅದರ ಹಳೆಯ ಭಾಗ ಯೂರೋಪಿನ ಅತ್ಯಂತ ಸುಂದರ ನಗರಭಾಗಗಳಲ್ಲಿ ಒಂದು; ಎಲ್ಲಿ ನಿಂತು ಗುಂಡಿ ಒತ್ತಿದರೂ ಚಿತ್ರ ಚೆನ್ನಾಗಿಯೇ ಬರುತ್ತದೆ. ಅಷ್ಟು ಸುಲಭವಾಗಿ ಚಿತ್ರಕ್ಕೆ ಒದಗುವ ನಗರ ನೋಡುವವರನ್ನು ಅಷ್ಟೇ ಸುಲಭವಾಗಿ ಮೋಸಗೊಳಿಸಲೂಬಲ್ಲದು. ವಲ್ತಾವಾ ನದಿಯ ಮೇಲಿನ ಚಾರ್ಲ್ಸ್ ಸೇತುವೆಯ ಕೆಲಸ 1357ರಲ್ಲಿ ನಾಲ್ಕನೆಯ ಚಾರ್ಲ್ಸ್ ದೊರೆಯ ಕಾಲದಲ್ಲಿ ಆರಂಭವಾಯಿತು. ಅದರ ಎರಡು ಬದಿಗಳಲ್ಲಿ ಒಟ್ಟು 30 ಪ್ರತಿಮೆಗಳು ಮತ್ತು ಪ್ರತಿಮಾ ಸಮೂಹಗಳಿವೆ. ಬೆಳಗಿನ ಮಂಜಿನಲ್ಲಿ ಅವು ಕಾಣುವ ಚೆಲುವಿಗೆ ಮಾರುಹೋಗದ ಛಾಯಾಗ್ರಾಹಕರಿಲ್ಲ. ಆದರೆ ಅವುಗಳಲ್ಲಿ ಹಲವು ಪ್ರತಿಕೃತಿಗಳು. ಮಳೆ ಹೊಗೆಗಳಿಂದ ಸವೆಯುತ್ತಿದ್ದ ಮೂಲ ಶಿಲ್ಪಗಳನ್ನು ಇಳಿಸಿ ಸಂಗ್ರಹಾಲಯಕ್ಕೆ ಸಾಗಿಸಿದ್ದಾರೆ. ಚಿತ್ರ ಈ ವ್ಯತ್ಯಾಸವನ್ನು ಹೇಳಲಾರದು. ಹಾಗೆಯೇ ಹಳೆಯ ಪೇಟೆಯ ಚೌಕದ ನೆಲಗಲ್ಲುಗಳ ನಡುವೆ 27 ಬಿಳಿಯ ಶಿಲುಬೆಗಳಿವೆ. 1620ರ ಬಿಳಿಬೆಟ್ಟದ ಯುದ್ಧದಲ್ಲಿ ಸೋತ ಬೊಹೀಮಿಯಾದ ಬಂಡಾಯಗಾರರಲ್ಲಿ 27 ಮಂದಿ ಮುಂದಾಳುಗಳನ್ನು 1621ರ ಜೂನ್ 21ರಂದು ಅದೇ ಚೌಕದಲ್ಲಿ ಕೊಲ್ಲಲಾಯಿತು. ತಲೆಯೆತ್ತಿ ಗಡಿಯಾರ ನೋಡುವವರ ಕಾಲಡಿಯಲ್ಲಿಯೇ ಆ ಶಿಲುಬೆಗಳಿವೆ. ಅವುಗಳ ಚಿತ್ರವನ್ನು ತೆಗೆದರೂ, ಅಡಿಬರಹವಿಲ್ಲದಿದ್ದರೆ ಅದು ನೆಲದ ಅಲಂಕಾರದ ಚಿತ್ರವಾಗಿ ಉಳಿಯುತ್ತದೆ.

ದಿನಾಂಕದ ವಿಷಯವನ್ನೇ ನೋಡಬಹುದು. ಈ ಚೌಕದಲ್ಲಿ 1650ರಲ್ಲಿ ಮೇರಿ ಮಾತೆಯ ಕಂಬವೊಂದನ್ನು ನಿಲ್ಲಿಸಿದ್ದರು. 1918ರಲ್ಲಿ ಆಸ್ಟ್ರಿಯಾದ ಆಳ್ವಿಕೆ ಕಳಚಿ ಚೆಕೊಸ್ಲೊವಾಕಿಯಾ ಸ್ವತಂತ್ರವಾದ ಕೆಲವೇ ದಿನಗಳಲ್ಲಿ, ನವೆಂಬರ್ 3ರಂದು, ಅದನ್ನು ಹಳೆಯ ಆಳ್ವಿಕೆಯ ಗುರುತೆಂದು ಭಾವಿಸಿದ ಜನ ಉರುಳಿಸಿದರು. 2020ರಲ್ಲಿ ಅದರ ಪ್ರತಿಕೃತಿಯನ್ನು ಅದೇ ಜಾಗದಲ್ಲಿ ಮತ್ತೆ ನಿಲ್ಲಿಸಲಾಯಿತು. 1910ರ ಒಂದು ಚಿತ್ರದಲ್ಲಿಯೂ ಕಂಬವಿರುತ್ತದೆ, ಇಂದಿನ ಚಿತ್ರದಲ್ಲಿಯೂ ಕಂಬವಿರುತ್ತದೆ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದವರು ಏನೂ ಬದಲಾಗಿಲ್ಲವೆಂದೇ ತಿಳಿಯುತ್ತಾರೆ. ನಡುವಣ ಒಂದು ಶತಮಾನಕ್ಕೂ ಮಿಕ್ಕ ಕಾಲ ಅದು ಅಲ್ಲಿ ಇರಲಿಲ್ಲವೆಂಬ ಸಂಗತಿ ಯಾವ ಚಿತ್ರದಲ್ಲಿಯೂ ಕಾಣುವುದಿಲ್ಲ. ಇದಕ್ಕೆ ವಿರುದ್ಧವಾದ ನಿದರ್ಶನ ನದಿಯಾಚೆಯ ಲೆಟ್ನಾ ದಿಬ್ಬದ ಮೇಲಿದೆ. 1955ರಲ್ಲಿ ಅಲ್ಲಿ ಸ್ಟಾಲಿನ್ನನ ಬೃಹತ್ ಶಿಲಾಸ್ಮಾರಕ ಎದ್ದಿತು. 1962ರಲ್ಲಿ ಅದನ್ನು ಸಿಡಿಮದ್ದು ಇಟ್ಟು ಒಡೆದರು. ಏಳು ವರ್ಷ ಇಡೀ ನಗರವನ್ನು ಮೇಲಿನಿಂದ ನೋಡುತ್ತಿದ್ದ ಕಲ್ಲಿನ ರಾಶಿ ಈಗ ಹಳೆಯ ಚಿತ್ರಗಳಲ್ಲಿ ಮಾತ್ರ ಇದೆ. ಅಂಥ ಚಿತ್ರದ ಹಿಂದೆ ವರ್ಷವನ್ನು ಬರೆದಿಟ್ಟವರು ಇತಿಹಾಸಕ್ಕೆ ಉಪಕಾರ ಮಾಡಿದರು.

ಚಿತ್ರ ಸುಳ್ಳಾಡಲಾರದೆಂಬ ನಂಬಿಕೆ ಲೋಕದಲ್ಲಿ ಬಹಳ ಕಾಲದಿಂದ ಇದೆ. ಪ್ರಾಗ್ ಆ ನಂಬಿಕೆಯನ್ನು ಕಳೆದುಕೊಂಡ ನಗರ. 1948ರ ಫೆಬ್ರವರಿಯಲ್ಲಿ ಕಮ್ಯೂನಿಸ್ಟ್ ನಾಯಕ ಕ್ಲೆಮೆಂತ್ ಗಾಟ್ವಾಲ್ಡ್ ಹಳೆಯ ಪೇಟೆಯ ಚೌಕದಲ್ಲಿ ಭಾಷಣ ಮಾಡಿದಾಗ ಪಕ್ಕದಲ್ಲಿ ವ್ಲಾದಿಮೀರ್ ಕ್ಲೆಮೆಂತಿಸ್ ನಿಂತಿದ್ದರು. ಆ ಚಿತ್ರ ಪ್ರಸಿದ್ಧವಾಯಿತು. ನಾಲ್ಕು ವರ್ಷಗಳ ಬಳಿಕ, 1952ರಲ್ಲಿ, ದೇಶದ್ರೋಹದ ಆರೋಪ ಹೊರಿಸಿ ಕ್ಲೆಮೆಂತಿಸರನ್ನು ಗಲ್ಲಿಗೇರಿಸಿದ ಮೇಲೆ ಚಿತ್ರದಿಂದಲೂ ಅವರನ್ನು ಅಳಿಸಲಾಯಿತು. ಜನ ನೋಡಿದ ಚಿತ್ರದಲ್ಲಿ ಅವರು ನಿಂತಿದ್ದೆಡೆ ಬರಿಯ ಹಿನ್ನೆಲೆ ಇತ್ತು. ಮಿಲಾನ್ ಕುಂದೇರಾ ತಮ್ಮ ‘ನಗೆ ಮತ್ತು ಮರೆವಿನ ಪುಸ್ತಕ’ ಎಂಬ ಕಾದಂಬರಿಯನ್ನು ಆರಂಭಿಸುವುದು ಈ ಪ್ರಸಂಗದಿಂದಲೇ. ಅಳಿಸುವವರಿಗೆ ಬೇಕಾದುದು ಎರಡೇ: ತಿದ್ದಲು ಒಂದು ಚಿತ್ರ, ಆ ದಿನ ಅಲ್ಲಿ ಯಾರಿದ್ದರೆಂದು ಬರೆದಿಡದ ಒಂದು ಸಮಾಜ. ಹಿಂದೆ ಈ ತಿದ್ದುವಿಕೆಗೆ ಕತ್ತಲಕೋಣೆ ಮತ್ತು ನುರಿತ ಕೈ ಬೇಕಾಗುತ್ತಿದ್ದವು. ಇಂದು ಹಿನ್ನೆಲೆಯಲ್ಲಿ ಅಡ್ಡ ಬಂದ ಅಪರಿಚಿತರನ್ನು ಬೆರಳಿನಿಂದ ಮುಟ್ಟಿ ಅಳಿಸುವ ಸೌಕರ್ಯ ಮೊಬೈಲಿನಲ್ಲಿಯೇ ಇದೆ. ಸೇತುವೆಯ ಜನಜಂಗುಳಿಯನ್ನು ಅಳಿಸಿ ತಾವೊಬ್ಬರೇ ನಿಂತಂತೆ ತೋರುವ ಚಿತ್ರ ಮಾಡಿಕೊಳ್ಳುವವರಿಗೆ ದುರುದ್ದೇಶವಿಲ್ಲ, ನಿಜ. ಆದರೂ ಅಭ್ಯಾಸವೊಂದು ಬೆಳೆಯುತ್ತದೆ: ಬೇಡವಾದುದು ಇರಲೇ ಇಲ್ಲವೆಂದು ತೋರಿಸುವ ಅಭ್ಯಾಸ.

ಚಿತ್ರವೇ ಸತ್ಯದ ಪರ ನಿಂತ ಕಾಲವೂ ಇದೇ ನಗರದಲ್ಲಿ ಬಂದಿತು. 1968ರ ಆಗಸ್ಟ್ 20ರ ರಾತ್ರಿ ಸೋವಿಯತ್ ನೇತೃತ್ವದ ಸೇನೆಗಳು ದೇಶವನ್ನು ಹೊಕ್ಕವು. ಯೋಸೆಫ್ ಕೌಡೆಲ್ಕಾ ಎಂಬ ಮೂವತ್ತರ ಹರೆಯದ ಛಾಯಾಗ್ರಾಹಕರು ಟ್ಯಾಂಕುಗಳ ನಡುವೆ ಓಡಾಡಿ ಆ ದಿನಗಳನ್ನು ಹಿಡಿದಿಟ್ಟರು. ಗುಟ್ಟಾಗಿ ಗಡಿ ದಾಟಿದ ಆ ಚಿತ್ರಗಳು 1969ರಲ್ಲಿ ಹೊರದೇಶಗಳಲ್ಲಿ ಪ್ರಕಟವಾದಾಗ ಅವರ ಹೆಸರಿರಲಿಲ್ಲ; ‘ಪ್ರಾಗ್ ಛಾಯಾಗ್ರಾಹಕ’ ಎಂಬುದನ್ನು ಸೂಚಿಸುವ ಎರಡು ಅಕ್ಷರಗಳು ಮಾತ್ರ ಇದ್ದವು. ಮನೆಯವರಿಗೆ ತೊಂದರೆಯಾದೀತೆಂಬ ಭಯದಿಂದ ಹದಿನೈದು ವರ್ಷ ಅವರು ತಮ್ಮ ಹೆಸರನ್ನು ಮರೆಮಾಡಬೇಕಾಯಿತು. ಆ ಸರಣಿಯ ಒಂದು ಚಿತ್ರದಲ್ಲಿ ಬರಿದಾದ ವೆನ್ಸೆಸ್ಲಾಸ್ ಚೌಕದ ಮುಂದೆ ಚಾಚಿದ ಒಂದು ಕೈ, ಆ ಕೈಯಲ್ಲಿ ಗಡಿಯಾರ ಕಾಣುತ್ತವೆ. ಛಾಯಾಗ್ರಾಹಕರು ಚಿತ್ರದೊಳಗೇ ಅಡಿಬರಹವನ್ನು ಬರೆದಂತಾಯಿತು: ಈ ಸ್ಥಳ, ಈ ಹೊತ್ತು. ಸಾಕ್ಷಿ ಹೇಳಬೇಕೆಂದಿದ್ದವರಿಗೆ ಹೊತ್ತು ಗೊತ್ತುಗಳ ಬೆಲೆ ತಿಳಿದಿತ್ತು.

ಅದೇ ದಿನಗಳಲ್ಲಿ ನಗರದ ಜನ ಇನ್ನೊಂದು ಕೆಲಸ ಮಾಡಿದರು. ಬೀದಿಗಳ ಹೆಸರಿನ ಫಲಕಗಳನ್ನು ಕಿತ್ತುಹಾಕಿದರು, ಇಲ್ಲವೆ ಬಣ್ಣ ಬಳಿದು ಮುಚ್ಚಿದರು. ದಾರಿ ತೋರುವ ಕಂಬಗಳನ್ನು ಕೆಡಿಸಿದರು. ಹೊರಗಿನಿಂದ ಬಂದ ಸೈನಿಕರಿಗೆ ತಾವು ಎಲ್ಲಿದ್ದೇವೆಂದು ಗೊತ್ತಾಗಬಾರದು ಎಂಬುದು ಉಪಾಯ. ಊರಿನವರಿಗೆ ಹೇಗೂ ಬೀದಿಗಳ ಹೆಸರು ಬಾಯಿಗೆ ಬರುತ್ತದೆ. ಹೆಸರು ಗೊತ್ತಿಲ್ಲದವರಿಗೆ ನಗರ ಸಿಕ್ಕುವುದಿಲ್ಲವೆಂಬ ಮಾತನ್ನು ಇದಕ್ಕಿಂತ ಚೆನ್ನಾಗಿ ಯಾರೂ ಹೇಳಿರಲಾರರು.

ಫಲಕಗಳ ಮಾತು ಬಂದಾಗ ಆ ನಗರದ ಹಿಂದಿನ ಕಥೆಯನ್ನೂ ನೆನೆಯಬೇಕು. ಹತ್ತೊಂಬತ್ತನೆಯ ಶತಮಾನದ ಪ್ರಾಗ್ ಎರಡು ಭಾಷೆಗಳ ನಗರ; ಚೆಕ್ ಮಾತನಾಡುವವರೂ ಜರ್ಮನ್ ಮಾತನಾಡುವವರೂ ಅಲ್ಲಿದ್ದರು. 1882ರಲ್ಲಿ ಅಲ್ಲಿನ ಪ್ರಾಚೀನ ವಿಶ್ವವಿದ್ಯಾಲಯ ಚೆಕ್ ಮತ್ತು ಜರ್ಮನ್ ಎಂದು ಎರಡಾಗಿ ಒಡೆಯಿತು. 1890ರ ದಶಕದಲ್ಲಿ ಎರಡು ಭಾಷೆಗಳಲ್ಲಿದ್ದ ಬೀದಿಫಲಕಗಳ ಬದಲು ಚೆಕ್ ಒಂದರಲ್ಲಿಯೇ ಬರೆದ ಕೆಂಪು ಬಿಳುಪಿನ ಫಲಕಗಳು ಬಂದವು. ಬಹುಕಾಲ ಜರ್ಮನ್ನಿನ ನೆರಳಿನಲ್ಲಿದ್ದ ಚೆಕ್ಕರಿಗೆ ಅದು ನ್ಯಾಯ. ಸಂಖ್ಯೆಯಲ್ಲಿ ಕುಗ್ಗುತ್ತಿದ್ದ ಜರ್ಮನ್ ನುಡಿಯವರಿಗೆ ಅದು ಕಾಲಡಿಯ ನೆಲ ಸರಿದಂತೆ. ಫ್ರಾನ್ಜ್ ಕಾಫ್ಕಾ ಹುಟ್ಟಿದ್ದು 1883ರಲ್ಲಿ, ಈ ತಿಕ್ಕಾಟದ ನಡುವೆ, ಜರ್ಮನ್ ಮಾತನಾಡುವ ಯಹೂದಿ ಮನೆಯಲ್ಲಿ. ಇಂದು ಪ್ರಾಗ್ ನಗರಕ್ಕೆ ಹೋದವರು ಕಾಫ್ಕಾ ಹೆಸರಿನ ಬಟ್ಟಲು, ಬನಿಯನ್ನುಗಳನ್ನು ಕೊಳ್ಳುತ್ತಾರೆ, ಪ್ರತಿಮೆಯ ಮುಂದೆ ನಿಂತು ಚಿತ್ರ ತೆಗೆಸಿಕೊಳ್ಳುತ್ತಾರೆ. ಆತ ಬರೆದ ಭಾಷೆ ಆ ಬೀದಿಗಳಲ್ಲಿ ಹಿಂದೆ ಮನೆಮಾತಾಗಿತ್ತು, ಎರಡನೆಯ ಮಹಾಯುದ್ಧದ ಬಳಿಕ ಜರ್ಮನ್ ನುಡಿಯವರನ್ನು ದೇಶದಿಂದ ಹೊರಗಟ್ಟಿದಾಗ ಇಲ್ಲವಾಯಿತು ಎಂಬುದು ಯಾವ ಚಿತ್ರದಲ್ಲಿಯೂ ಕೇಳಿಸುವುದಿಲ್ಲ.

ಗಡಿನಾಡಿನ ಓದುಗರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. 1956ರ ನವೆಂಬರ್ 1ರ ರಾಜ್ಯ ಪುನರ್ವಿಂಗಡಣೆಯಲ್ಲಿ ಕಾಸರಗೋಡು ಒಂದೆಡೆ, ತಾಳವಾಡಿ ಇನ್ನೊಂದೆಡೆ, ಅಕ್ಕಲಕೋಟೆ ಮತ್ತೊಂದೆಡೆ ಉಳಿದವು. ಬಸ್ಸಿನ ಮೇಲಿನ ಹೆಸರು, ಶಾಲೆಯ ಬಾಗಿಲ ಮೇಲಿನ ಹಲಗೆ, ಕಚೇರಿಯ ನಮೂನೆ ಯಾವ ಲಿಪಿಯಲ್ಲಿರುತ್ತವೆ ಎಂಬುದು ಇಲ್ಲಿ ಪಾಠದ ವಿಷಯವಲ್ಲ, ದಿನನಿತ್ಯದ ಬದುಕು. ಆದುದರಿಂದಲೇ ಗಡಿಯ ವಿದ್ಯಾರ್ಥಿಗೆ ಪ್ರಾಗ್ ನಗರದ ಗೋಡೆಯನ್ನು ಬೇರೆಯವರಿಗಿಂತ ಚೆನ್ನಾಗಿ ಓದುವ ಅರ್ಹತೆಯಿದೆ. ಹಳೆಯ ಫಲಕ ಕಿತ್ತ ಗುರುತು, ಬಣ್ಣದ ಅಡಿಯಿಂದ ಇಣುಕುವ ಮಾಸಿದ ಅಕ್ಷರ ಇವು ಅವರ ಕಣ್ಣಿಗೆ ತಾನಾಗಿಯೇ ಬೀಳಬೇಕು. ಆ ಕಣ್ಣನ್ನು ಊರಿನಲ್ಲಿ ಬಿಟ್ಟು ಕೇವಲ ಕ್ಯಾಮೆರಾವನ್ನು ಕೊಂಡೊಯ್ದರೆ ನಷ್ಟ ಅವರದೇ.

ಈ ಎರಡು ನಾಡುಗಳ ನಡುವೆ ಒಂದು ನಿಜವಾದ ಕೊಂಡಿಯೂ ಇದೆ. 1927ರಲ್ಲಿ ಪ್ರಾಗ್ ನಗರದಲ್ಲಿ ಹುಟ್ಟಿದ ಕಾಮಿಲ್ ಜ್ವೆಲೆಬಿಲ್ ತಮಿಳು ಸಾಹಿತ್ಯದ ಮತ್ತು ದ್ರಾವಿಡ ಭಾಷೆಗಳ ದೊಡ್ಡ ವಿದ್ವಾಂಸರು. 1968ರ ಆಕ್ರಮಣದ ಬಳಿಕ ಅವರು ದೇಶ ಬಿಟ್ಟರು. ಮುಂದಿನ ವರ್ಷಗಳಲ್ಲಿ ನೀಲಗಿರಿಯ ಇರುಳರ ನುಡಿಯ ಬಗ್ಗೆ ಗ್ರಂಥಗಳನ್ನು ಪ್ರಕಟಿಸಿದರು; ಜೇನುಕುರುಂಬರ ನುಡಿಯನ್ನು ಕುರಿತೂ ಬರೆದರು. ಬೀದಿಫಲಕಗಳನ್ನು ಕಿತ್ತ ನಗರದಿಂದ ಹೊರಟವರೊಬ್ಬರು ನೀಲಗಿರಿಯ ಕಾಡಿನ ಜನರ ಮಾತುಗಳನ್ನು ಒಂದೊಂದಾಗಿ ಬರೆದಿಟ್ಟರೆಂಬುದು ನೀಲಗಿರಿಯ ಕನ್ನಡಿಗರು ತಿಳಿದಿರಬೇಕಾದ ಸಂಗತಿ. ಪ್ರಾಗ್ ನಗರದಲ್ಲಿ ತೆಗೆದ ಒಂದು ಚಿತ್ರದ ಅಡಿಯಲ್ಲಿ ಅವರ ಹೆಸರು ಬಂದರೆ, ಆ ಚಿತ್ರ ಬೇರೆ ಯಾವ ಪ್ರವಾಸಿಯ ಚಿತ್ರದಂತೆಯೂ ಇರುವುದಿಲ್ಲ.

ಇಷ್ಟಕ್ಕೂ ಮಾತನ್ನು ಇಷ್ಟು ನಂಬಬಹುದೇ, ಮಾತು ಸುಳ್ಳಾಡುವುದಿಲ್ಲವೇ ಎಂದು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಉತ್ತರ ಅದೇ ನಗರದ ಯಹೂದಿ ಕೇರಿಯಾದ ಯೋಸೆಫೊವ್‌ನಲ್ಲಿದೆ. ಆ ಕೇರಿಯ ಬಹುಭಾಗವನ್ನು ನೈರ್ಮಲ್ಯದ ಹೆಸರಿನಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಕೆಡವಲು ತೊಡಗಿದರು. ಉಳಿದ ಕಟ್ಟಡಗಳಲ್ಲಿ ಪಿಂಕಾಸ್ ಸಿನಗಾಗ್ ಒಂದು. ನಾಜಿಗಳ ಕೈಯಲ್ಲಿ ಹತರಾದ ಬೊಹೀಮಿಯಾ ಮತ್ತು ಮೊರಾವಿಯಾದ ಸುಮಾರು 78,000 ಯಹೂದಿಗಳ ಹೆಸರುಗಳನ್ನು 1950ರ ದಶಕದಲ್ಲಿ ಅದರ ಒಳಗೋಡೆಗಳ ಮೇಲೆ ಕೈಯಿಂದ ಬರೆದರು. 1968ರ ಬಳಿಕ ಕಟ್ಟಡವನ್ನು ಮುಚ್ಚಲಾಯಿತು. ಹೆಸರುಗಳು ಗೋಡೆಯಿಂದ ಇಲ್ಲವಾದವು. ಆಳ್ವಿಕೆ ಬದಲಾದ ಮೇಲೆ, 1990ರ ದಶಕದಲ್ಲಿ, ಅಷ್ಟೂ ಹೆಸರುಗಳನ್ನು ಮೊದಲಿನಿಂದ ಮತ್ತೆ ಬರೆದರು. ಅಕ್ಷರವೂ ಅಳಿಯುತ್ತದೆ ಎಂಬುದು ಇದರ ಒಂದು ಪಾಠ. ಎಲ್ಲಿಯೋ ಒಂದು ಪಟ್ಟಿ ಉಳಿದಿದ್ದರೆ ಅಳಿಸಿದ್ದನ್ನು ಮತ್ತೆ ಬರೆಯಬಹುದು ಎಂಬುದು ಇನ್ನೊಂದು. ಚಿತ್ರವೊಂದೇ ಸಾಕ್ಷಿಯಲ್ಲ, ಬರಹವೊಂದೇ ಸಾಕ್ಷಿಯಲ್ಲ. ಎರಡೂ ಜತೆಯಲ್ಲಿದ್ದಾಗ ಒಂದರ ಸುಳ್ಳನ್ನು ಇನ್ನೊಂದು ಹಿಡಿಯುತ್ತದೆ.

ಎರಡನೆಯ ಆಕ್ಷೇಪ ಹೆಚ್ಚು ಲೌಕಿಕವಾದುದು. ಸಾಲ ಮಾಡಿಯೋ ವರ್ಷಗಟ್ಟಲೆ ಉಳಿಸಿಯೋ ಯೂರೋಪಿಗೆ ಹೋದವರಿಗೆ ಒಂದು ನಗರದಲ್ಲಿ ಸಿಗುವುದು ಎರಡು ಮೂರು ದಿನ. ಮಕ್ಕಳ ಜತೆ ನಿಂತು ನಗುತ್ತ ಚಿತ್ರ ತೆಗೆಸಿಕೊಳ್ಳುವ ಸಂತೋಷಕ್ಕೂ ಇತಿಹಾಸದ ಭಾರ ಹೊರಿಸಬೇಕೇ? ಬೇಡ. ಮನೆಯವರ ನಗುವಿಗೆ ಟಿಪ್ಪಣಿ ಬೇಕಾಗಿಲ್ಲ. ಆದರೆ ನೂರು ಚಿತ್ರಗಳಲ್ಲಿ ಹತ್ತಕ್ಕೆ ಒಂದೊಂದು ಸಾಲು ಬರೆಯಲು ರಾತ್ರಿ ಮಲಗುವ ಮುನ್ನ ಕಾಲು ಗಂಟೆ ಸಾಕು. ಶಿವರಾಮ ಕಾರಂತರು ಯೂರೋಪನ್ನು ಸುತ್ತಿ ‘ಅಪೂರ್ವ ಪಶ್ಚಿಮ’ವನ್ನು ಬರೆದಾಗ ಊರಿನಲ್ಲಿದ್ದ ಓದುಗರಿಗೆ ಆ ಖಂಡ ತಲುಪಿದ್ದು ಮಾತಿನ ಮೂಲಕ. ಇಂದು ಹೋಗಿಬರುವವರು ಆಗಿಗಿಂತ ಎಷ್ಟೋ ಹೆಚ್ಚು, ಚಿತ್ರಗಳು ಇನ್ನೂ ಹೆಚ್ಚು. ಬರೆದ ಪುಟಗಳು ಆ ಪ್ರಮಾಣದಲ್ಲಿ ಬೆಳೆದಿಲ್ಲ.

ನೋಡುವುದರಲ್ಲಿಯೂ ಅವಸರ ತರವಲ್ಲ ಎಂಬುದಕ್ಕೆ ಆ ನಗರದವರೇ ಆದ ಗುರುವೊಬ್ಬರಿದ್ದಾರೆ. ಯೋಸೆಫ್ ಸುಡೆಕ್ ಮೊದಲನೆಯ ಮಹಾಯುದ್ಧದಲ್ಲಿ ಬಲಗೈಯನ್ನು ಕಳೆದುಕೊಂಡವರು. ಒಂದೇ ಕೈಯಲ್ಲಿ, ಮುಕ್ಕಾಲಿಯ ಮೇಲೆ ನಿಲ್ಲಿಸುವ ಭಾರಿ ಕ್ಯಾಮೆರಾಗಳನ್ನು ಹೊತ್ತು ಅವರು ಪ್ರಾಗ್ ನಗರವನ್ನು ಅರ್ಧ ಶತಮಾನ ಚಿತ್ರಿಸಿದರು. 1344ರಲ್ಲಿ ಆರಂಭವಾಗಿ 1929ರಲ್ಲಿ ಮುಗಿದ ಸಂತ ವೈಟಸ್ ಮಹಾದೇವಾಲಯದ ಕೊನೆಯ ಹಂತದ ಕೆಲಸವನ್ನು ಅವರು 1920ರ ದಶಕದಲ್ಲಿ ಹಿಡಿದಿಟ್ಟರು. ಆ ಚಿತ್ರಗಳಲ್ಲಿ ಗೋಥಿಕ್ ಕಮಾನುಗಳಷ್ಟೇ ಗೌರವ ಕೆಲಸಗಾರರ ಸಲಕರಣೆಗಳಿಗೂ ಕೈಗಾಡಿಗೂ ಸಿಕ್ಕಿದೆ. ನಾಜಿಗಳು ನಗರವನ್ನು ಆಕ್ರಮಿಸಿದ್ದ ದಿನಗಳಲ್ಲಿ, 1940ರಿಂದ, ತಮ್ಮ ಕೆಲಸದ ಕೊಠಡಿಯ ಒಂದೇ ಕಿಟಕಿಯನ್ನು ಮತ್ತೆ ಮತ್ತೆ ಚಿತ್ರಿಸಿದರು. ಮಂಜು ಕಟ್ಟಿದ ಗಾಜು, ಹೊರಗೆ ಸೊಟ್ಟಗೆ ಬೆಳೆದ ಒಂದು ಮರ, ಅಂಚಿನ ಮೇಲೊಂದು ಲೋಟ, ಇಷ್ಟೇ. ಹದಿನಾಲ್ಕು ವರ್ಷ ಆ ಕಿಟಕಿ ಅವರಿಗೆ ಮುಗಿಯಲಿಲ್ಲ. ಮೂರು ದಿನದಲ್ಲಿ ಪ್ರಾಗ್ ಮುಗಿಯಿತೆಂದು ಹೇಳುವವರು ಸುಡೆಕ್ ಅವರ ಒಂದು ಚಿತ್ರದ ಮುಂದೆ ಐದು ನಿಮಿಷ ನಿಲ್ಲುವುದು ಒಳ್ಳೆಯದು. ಎರಡನೆಯ ಸಲ ಹೋಗುವ ಭಾಗ್ಯವಿದ್ದವರು ಹೊಸ ಸ್ಥಳಗಳ ಪಟ್ಟಿ ಹಿಡಿಯುವ ಬದಲು ಮೊದಲ ಸಲ ನಿಂತಿದ್ದ ಜಾಗದಲ್ಲಿಯೇ ನಿಂತು ಮತ್ತೊಂದು ಚಿತ್ರ ತೆಗೆಯಲಿ. ಎರಡರ ನಡುವಣ ವ್ಯತ್ಯಾಸವೇ ಆ ಪ್ರವಾಸದ ಗಳಿಕೆ.

ಕನ್ನಡ ವಿಭಾಗಗಳು ಈ ವಿಷಯದಲ್ಲಿ ಮಾಡಬಹುದಾದ ಕೆಲಸ ಸಣ್ಣದು, ಆದರೆ ಅಗತ್ಯವಾದುದು. ಪ್ರವಾಸ ಕಥನವನ್ನು ಪಠ್ಯವಾಗಿ ಓದಿಸುವುದರ ಜತೆಗೆ, ವಿದ್ಯಾರ್ಥಿಗಳು ತೆಗೆದ ಒಂದು ಚಿತ್ರಕ್ಕೆ ನಾಲ್ಕು ವಾಕ್ಯಗಳ ಕನ್ನಡ ಅಡಿಬರಹ ಬರೆಯುವುದನ್ನೂ ಅಭ್ಯಾಸವಾಗಿ ಕೊಡಬಹುದು: ಸ್ಥಳದ ಹೆಸರು, ದಿನಾಂಕ, ಚಿತ್ರದಲ್ಲಿರುವುದು, ಚಿತ್ರದಲ್ಲಿ ಇಲ್ಲದಿರುವುದು. ಮೊದಲ ಮೂರನ್ನು ಯಾರಾದರೂ ಬರೆಯುತ್ತಾರೆ. ನಾಲ್ಕನೆಯದಕ್ಕೆ ಓದು ಬೇಕು, ಊರಿನ ಹಿರಿಯರನ್ನು ಕೇಳುವ ತಾಳ್ಮೆ ಬೇಕು.

ಇದಕ್ಕೆ ಪ್ರಾಗ್ ತನಕ ಹೋಗಬೇಕಾಗಿಲ್ಲ. ಮಂಜೇಶ್ವರದಲ್ಲಿಯೋ ಜತ್ತದಲ್ಲಿಯೋ ಮಡಕಶಿರಾದಲ್ಲಿಯೋ ಹಳೆಯ ಅಂಗಡಿಯ ಮಾಡಿನ ಕೆಳಗೆ, ಶಾಲೆಯ ಅಡಿಗಲ್ಲಿನ ಮೇಲೆ, ಬಾವಿಕಟ್ಟೆಯ ಬದಿಯಲ್ಲಿ ಕನ್ನಡದ ಅಕ್ಷರಗಳು ಇನ್ನೂ ಉಳಿದಿರಬಹುದು. ಗೋಡೆಗೆ ಹೊಸ ಬಣ್ಣ ಬಳಿಯುವ ದಿನ ಯಾವುದೆಂದು ಯಾರಿಗೂ ಮುಂಚಿತವಾಗಿ ತಿಳಿಸುವುದಿಲ್ಲ. ಅದರ ಚಿತ್ರವನ್ನು ಈ ವಾರವೇ ತೆಗೆಯಲಿ. ತೆಗೆದವರು ಕೆಳಗೆ ಊರು, ತಾರೀಕು, ಬರೆಸಿದವರ ಹೆಸರು ಗೊತ್ತಿದ್ದರೆ ಅದನ್ನೂ ಸೇರಿಸಿ ಒಂದು ಸಾಲು ಬರೆಯಲಿ.